ಹುಣಸೆ ಬೀಜದ ಪಾರ್ಲಿಮೆಂಟು

ನಮ್ಮ ಮನೆಯಲ್ಲಿ ಒಂದು ಅಡುಗೆಮನೆ, ಎರಡು ಒಲೆ, ಒಂದು ಬಾವಿ ಮತ್ತು ಒಂದು ಪಾರ್ಲಿಮೆಂಟು ಇತ್ತು. ಮೊದಲ ಮೂರನ್ನು ಹೇಳಿದರೆ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾಲ್ಕನೆಯದನ್ನು ಹೇಳಿದಾಗ ನನ್ನ ಮೊಮ್ಮಕ್ಕಳು ಇವತ್ತಿಗೂ ಅಜ್ಜಿ ಬುರುಡೆ ಬಿಡುತ್ತಿದ್ದಾಳೆ ಎನ್ನುತ್ತಾರೆ. ಬುರುಡೆಯಲ್ಲ. ಭಾನುವಾರ ಮಧ್ಯಾಹ್ನ ಊಟವಾಗಿ, ದೊಡ್ಡವರು ಎಲೆ ಅಡಿಕೆ ಹಾಕಿಕೊಂಡ ಮೇಲೆ, ಅದು ನಡುಮನೆಯ ಕಂಬದ ಬುಡದಲ್ಲಿ ಸೇರುತ್ತಿತ್ತು. ಅದನ್ನು ಕಟ್ಟಿದವನು ನನ್ನ ಅಪ್ಪ, ಅದರಲ್ಲಿ ಸೋತವನೂ ಅವನೇ. ಅವನನ್ನು ಸೋಲಿಸಿದ್ದು ನಾನು. ಆಗ ನನಗೆ ಹತ್ತು ತುಂಬಿತ್ತು.

ಬೀದಿಯ ಉದ್ದಕ್ಕೂ ಒಂದು ಜಗಲಿ, ಅದರ ಎಡಕ್ಕೆ ದೊಡ್ಡಪ್ಪನ ಹಗ್ಗದ ಅಂಗಡಿ, ಬಲಕ್ಕೆ ಅಪ್ಪನ ಬೈಂಡಿಂಗ್ ಕೋಣೆ. ಎಡದಿಂದ ತೆಂಗಿನ ನಾರಿನ ವಾಸನೆ, ಬಲದಿಂದ ಮೈದಾ ಅಂಟಿನ ವಾಸನೆ ಬಂದು ನಡುಬಾಗಿಲಲ್ಲಿ ಕೂಡುತ್ತಿದ್ದವು. ಕಣ್ಣು ಮುಚ್ಚಿ ನಡೆದರೂ ನನಗೆ ಮನೆ ಸಿಗುತ್ತಿತ್ತು. ದೊಡ್ಡಪ್ಪ ಬಾವಿ ಹಗ್ಗ, ಮೂಗುದಾರ, ತೊಟ್ಟಿಲ ಹಗ್ಗ ಮಾರುತ್ತಿದ್ದ. ಅಪ್ಪ ಕಾಲೇಜಿನ ಮೇಷ್ಟ್ರುಗಳ ಹರಿದ ಪುಸ್ತಕಗಳಿಗೆ, ಕಚೇರಿಗಳ ದೊಡ್ಡ ದೊಡ್ಡ ರಿಜಿಸ್ಟರುಗಳಿಗೆ ಹೊಸ ರಟ್ಟು ಹಾಕುತ್ತಿದ್ದ. ಹುಳ ಬೀಳದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದ. ಅದು ವಿಷ, ಬೆರಳು ನೆಕ್ಕಬೇಡ ಎಂಬುದು ನಾನು ಅಕ್ಷರಕ್ಕಿಂತ ಮೊದಲು ಕಲಿತ ಪಾಠ. ಬೈಂಡಿಂಗ್ ಕೋಣೆಯ ಹಿಂದೆ ನಡುಮನೆ, ಅದರ ಪಕ್ಕ ಕಿಟಕಿಯಿಲ್ಲದ ಉಗ್ರಾಣ, ಆಮೇಲೆ ಅಡುಗೆಮನೆ, ಹಿತ್ತಲು, ಬಾವಿ. ಮನೆಯಲ್ಲಿ ಏಳು ಜನ: ಅಜ್ಜಿ, ದೊಡ್ಡಪ್ಪ, ದೊಡ್ಡವ್ವ, ಅವರ ಮಗಳು ಜಯಕ್ಕ, ಅಪ್ಪ, ಅವ್ವ, ನಾನು.

ಅಡುಗೆಮನೆ ದೊಡ್ಡವ್ವನ ರಾಜ್ಯ. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ. ಅವಳು ಕೆಟ್ಟವಳಲ್ಲ. ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಕಾಲೊತ್ತಿದವಳು ಅವಳೇ. ಆದರೆ ಮುದ್ದೆ ಕಟ್ಟಿ ಬಡಿಸುವುದಕ್ಕೆ ಒಂದು ಸರದಿ ಇತ್ತು, ಆ ಸರದಿಯನ್ನು ಅವಳು ಎಂದೂ ತಪ್ಪಿಸುತ್ತಿರಲಿಲ್ಲ. ಮೊದಲು ಗಂಡಸರು, ಆಮೇಲೆ ಅಜ್ಜಿ, ಆಮೇಲೆ ನಾವು ಹುಡುಗಿಯರು, ಆಮೇಲೆ ಅವಳು. ಅವ್ವ ಅಷ್ಟು ಜನರ ತಟ್ಟೆ ಎತ್ತಿ, ನೆಲ ಸಾರಿಸಿ, ಪಾತ್ರೆ ಬೆಳಗಿ ಕೈ ತೊಳೆಯುವ ಹೊತ್ತಿಗೆ ಕೊನೆಯ ಮುದ್ದೆ ಕಲ್ಲಾಗಿರುತ್ತಿತ್ತು. ಒಮ್ಮೆ ಬಾವಿಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವಳು ಆ ಮುದ್ದೆಯನ್ನು ಹೆಬ್ಬೆರಳಿನಿಂದ ಮುರಿದು ಮಜ್ಜಿಗೆಯಲ್ಲಿ ನೆನೆಸುತ್ತಿದ್ದುದನ್ನು ನೋಡಿದೆ.

“ಯಾಕವ್ವ ಇಲ್ಲಿ ಉಣ್ತಿದೀಯ?”

“ಇಲ್ಲಿ ಗಾಳಿ ಬರ್ತದೆ ಕಣ್ ಮಗ.”

“ಮುದ್ದೆ ತಣ್ಣಗಾಗ್ಬುಟ್ಟದೆ.”

“ಮದ್ವೆ ಆಗಿ ಬಂದ ದಿವ್ಸ ಒಂದು ಬಿಸಿ ಮುದ್ದೆ ಉಂಡಿದ್ದೆ. ಚೆನ್ನಾಗಿತ್ತು,” ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ನನ್ನೊಳಗೆ ಹೋಗಿ ಕೂತುಬಿಟ್ಟಿತು. ಅಪ್ಪನಿಗೆ ಹೇಳಬೇಡ ಎಂದು ಅವಳೇನೂ ಹೇಳಲಿಲ್ಲ, ಆದರೂ ಹೇಳಬಾರದು ಎಂದು ನನಗೆ ಗೊತ್ತಾಯಿತು. ಇಂಥವು ಹೆಣ್ಣುಮಕ್ಕಳಿಗೆ ಹೇಗೆ ಗೊತ್ತಾಗುತ್ತವೋ ನಾನು ಕಾಣೆ.

ಈಗ ಆ ಪುಸ್ತಕದ ವಿಷಯ. ಕಾಲೇಜಿನ ಮೇಷ್ಟ್ರೊಬ್ಬರು ತಂದುಕೊಟ್ಟ ಇಂಗ್ಲಿಷ್ ಪುಸ್ತಕ ಅದು. ರಟ್ಟು ಕಿತ್ತುಹೋಗಿತ್ತು, ಮೊದಲ ಹಾಳೆಗಳಿರಲಿಲ್ಲ, ಕೊನೆಯ ಹಾಳೆಗಳೂ ಇರಲಿಲ್ಲ. ಹಾಗಾಗಿ ಅದರ ಹೆಸರಾಗಲಿ ಬರೆದವರ ಹೆಸರಾಗಲಿ ನಮಗೆ ಎಂದೂ ತಿಳಿಯಲಿಲ್ಲ. ಅಪ್ಪ ಲೋಯರ್ ಸೆಕೆಂಡರಿವರೆಗೆ ಓದಿದ್ದವನು. ಹೊಲಿಯುವ ಮುಂಚೆ ಹಾಳೆಗಳು ಸರಿಯಾಗಿ ಜೋಡಿಸಿವೆಯೇ ಎಂದು ನೋಡಲು ಅಲ್ಲೊಂದು ಇಲ್ಲೊಂದು ಸಾಲು ಓದುವುದು ಅವನ ಪದ್ಧತಿ. ಈ ಪುಸ್ತಕದಲ್ಲಿ ಮಾತ್ರ ಒಂದು ಸಾಲು ಓದಲು ಹೋಗಿ ಸಿಕ್ಕಿಹಾಕಿಕೊಂಡ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದು ತಿಂಗಳು ಓದಿದ. ಮೇಷ್ಟ್ರು ಬಂದು ಕೇಳಿದಾಗಲೆಲ್ಲ ಅಂಟು ಇನ್ನೂ ಒಣಗಿಲ್ಲ ಸ್ವಾಮಿ ಎನ್ನುತ್ತಿದ್ದ. ಅಂಟು ಹಚ್ಚಿಯೇ ಇರಲಿಲ್ಲ. ಕೊನೆಗೆ ಮೇಷ್ಟ್ರು ತಮ್ಮ ಪುಸ್ತಕವನ್ನು ತೆಗೆದುಕೊಂಡು ಹೋದರು, ಅದರೊಳಗಿನ ವಿಚಾರ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ವಿಚಾರ ಇಷ್ಟು: ಊರಿಗೆ ಪಂಚಾಯ್ತಿ ಇದೆ, ರಾಜ್ಯಕ್ಕೆ ಅಸೆಂಬ್ಲಿ ಇದೆ, ದೇಶಕ್ಕೆ ಪಾರ್ಲಿಮೆಂಟು ಬಂದಿದೆ. ಎಲ್ಲ ದೇಶಗಳಿಗೂ ಸೇರಿ ಜನ ಆರಿಸಿದ ಒಂದು ಪಾರ್ಲಿಮೆಂಟು ಯಾಕಿರಬಾರದು? ಇದ್ದರೆ ಯುದ್ಧ ಯಾಕೆ ಬೇಕು? ಅಪ್ಪ ಇದನ್ನು ಜಗಲಿಯ ಮೇಲೆ ಕೂತು ಹಗ್ಗ ಕೊಳ್ಳಲು ಬಂದವರಿಗೂ ಹೇಳುತ್ತಿದ್ದ. ಅವರು ಹಗ್ಗ ಜಗ್ಗಿ ನೋಡುತ್ತಾ ಹೂಂಗುಟ್ಟುತ್ತಿದ್ದರು. ನಾನು ಅವನ ಪಕ್ಕ ಕೂತು, ಲಂಗದ ಜೇಬಿನಿಂದ ಹುರಿದ ಹುಣಸೆ ಬೀಜ ತೆಗೆದು ಕಡಿಯುತ್ತಾ ಕೇಳುತ್ತಿದ್ದೆ. ನನಗೆ ಪ್ರಶ್ನೆಗಳೇ ಪ್ರಶ್ನೆಗಳು. ಆ ಪಾರ್ಲಿಮೆಂಟಿನಲ್ಲಿ ಯಾವ ಮಾತು ಆಡುತ್ತಾರೆ? ಊಟಕ್ಕೆ ಏನು ಹಾಕುತ್ತಾರೆ? ಅದಕ್ಕೂ ಮೇಲೆ ಇನ್ನೊಂದು ಬೇಡವೇ? ಅಪ್ಪ ಒಂದಕ್ಕೂ ಬೈಯುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಗಂಡಸರನ್ನು ನಾನು ಆಮೇಲೆ ಜಾಸ್ತಿ ನೋಡಿಲ್ಲ.

ಅವನಿಗೆ ಆ ಪುಸ್ತಕ ಅಷ್ಟು ನಾಟಿದ್ದಕ್ಕೆ ಕಾರಣ ನಮ್ಮೂರು. ಮೈಸೂರಿನಿಂದ ಅರ್ಧ ದಿನದ ಗಾಡಿ ದಾರಿ. ಅಲ್ಲಿ ಎರಡು ಊರಿಗೆ ಒಂದೇ ಕೆರೆ, ಒಂದೇ ತೂಬು. ಒಂದು ಬೇಸಿಗೆ ತೂಬಿನ ಹತ್ತಿರ ಹೊಡೆದಾಟವಾಗಿ ನಮ್ಮ ತಾತನ ತಲೆಗೆ ಗುದ್ದಲಿ ಏಟು ಬಿತ್ತು. ಅವನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿಕೊಂಡು ಮನೆಗೆ ತಂದರಂತೆ. ಮೂರು ವರ್ಷ ಮಾತಿಲ್ಲದೆ ಬದುಕಿದ್ದು ಹೋದ. ಆಮೇಲೆ ಅಜ್ಜಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಬಂದಳು. ಹಗ್ಗ ಹೊಸೆದು ಅವರನ್ನು ಸಾಕಿದಳು. ಈ ಕಥೆ ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅಪ್ಪ ಅದನ್ನು ಬಾಯಿಬಿಟ್ಟು ಹೇಳಿದ್ದು ಆ ಪುಸ್ತಕ ಬಂದ ಮೇಲೆ, ಒಂದು ಸಂಜೆ, ಜಗಲಿಯ ಮೇಲೆ.

“ನಮ್ಮೂರ ಪಂಚಾಯ್ತಿ ಕೂತು ನೀರು ನಮ್ದು ಅಂತು. ಅವರೂರ ಪಂಚಾಯ್ತಿ ಕೂತು ನೀರು ಅವರ್ದು ಅಂತು. ಎರಡರಲ್ಲೂ ಒಳ್ಳೆ ಜನವೇ ಇದ್ದದ್ದು ಕಣಣ್ಣ. ಸುಳ್ಳು ಹೇಳ್ದೋರು ಯಾರೂ ಇಲ್ಲ. ಎರಡೂರಿಗೂ ಸೇರಿ ಒಂದು ಮಾತು ಹೇಳೋ ಜಾಗ ಇರ್ಲಿಲ್ಲ. ಅದ್ಕೆ ಅಪ್ಪನ ತಲೆ ಹೋಯ್ತು. ಈಗ ದೇಶಗಳೂ ಅಂಗೇ ಅವೆ. ಮನೆಮನೆ ಒಳಗೂ ನ್ಯಾಯ ಅದೆ, ಬೀದೀಲಿಲ್ಲ.”

ದೊಡ್ಡಪ್ಪ ಹಗ್ಗದ ಸುರುಳಿ ಸುತ್ತುತ್ತಿದ್ದವನು ತಲೆ ಎತ್ತಲಿಲ್ಲ.

“ಅದ್ಕೇ ಅಂತ ವಿಶ್ವಸಂಸ್ಥೆ ಮಾಡವ್ರಂತಲ್ಲ. ಪೇಪರ್ ಓದಿ ನೀನೇ ಹೇಳ್ದೆ.”

“ಅಲ್ಲಿ ಸರ್ಕಾರಗಳು ಕಳ್ಸಿದೋರು ಕೂತವ್ರೆ. ಎರಡೂರ ಗೌಡ್ರು ಆಲದ ಮರದ ಕೆಳಗೆ ಕೂತು ಮಾತಾಡ್ಲಿಲ್ವಾ, ಅಂಗೆ. ಗೌಡ ವಾಪಸ್ ಊರಿಗೆ ಬರ್ಬೇಕಲ್ಲ. ಬಿಟ್ಕೊಟ್ಟು ಬಂದ ಅನ್ನಿಸ್ಕೋಬಾರ್ದಲ್ಲ. ಜನವೇ ಆರಿಸಿದೋರು ಕೂತ್ರೆ ಬೇರೆ. ಕಾಲುವೆ ಕೊನೇಲಿ ಗದ್ದೆ ಇರೋನು ಈ ಊರೋನಾದ್ರೂ ಒಂದೇ, ಆ ಊರೋನಾದ್ರೂ ಒಂದೇ. ಅವರಿಬ್ರೂ ಒಟ್ಟಿಗೆ ಕೈ ಎತ್ತಿರೋರು.”

ಬಾಗಿಲಲ್ಲಿ ಕೂತು ನಾರು ಬಿಡಿಸುತ್ತಿದ್ದ ಅಜ್ಜಿ ಕೇಳಿದಳು:

“ಅದೆಲ್ಲ ಸರಿ ಕಣಪ್ಪ. ಸೋತೋನು ಕೇಳ್ದೆ ಹೋದ್ರೆ?”

“ಅದ್ಕೊಂದು ಪೊಲೀಸು ಇರ್ತದೆ ಕಣವ್ವ.”

“ಅಷ್ಟು ದೊಡ್ಡ ಪೊಲೀಸ್‌ನ ಯಾರು ಕಾಯ್ತಾರೆ?”

ಅಪ್ಪ ಬಹಳ ಹೊತ್ತು ಯೋಚಿಸಿದ. ಆಮೇಲೆ, ಅದು ಆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಇದ್ದಿರಬೇಕು, ಅವು ಕಳೆದುಹೋಗಿವೆ ಎಂದ. ದೊಡ್ಡಪ್ಪ ಬಿದ್ದುಬಿದ್ದು ನಕ್ಕ. ನಕ್ಕು ಮುಗಿಸಿ, ಮನೆ ಗೆದ್ದು ಮಾರು ಗೆಲ್ಲು ಅಂತಾರೆ ಕಣ್ಲಾ ಪುಟ್ಟಸ್ವಾಮಿ, ಮೊದ್ಲು ಈ ಮನೇಲಿ ಒಂದು ಪಾರ್ಲಿಮೆಂಟು ನಡ್ಸಿ ತೋರ್ಸು ಎಂದ. ತಮಾಷೆಗೆ ಹೇಳಿದ ಮಾತು. ಆದರೆ ನನ್ನ ಅಪ್ಪನಿಗೆ ತಮಾಷೆ ಅರ್ಥವಾಗುತ್ತಿದ್ದುದು ಎರಡು ದಿನ ತಡವಾಗಿ. ಅಷ್ಟರೊಳಗೆ ಅವನು ಒಂದು ಹಾಳೆಯ ತುಂಬ ನಿಯಮ ಬರೆದುಕೊಂಡಿದ್ದ.

ದೇಶದ ಮೊದಲ ಚುನಾವಣೆ ಆಗ ತಾನೇ ಮುಗಿದಿತ್ತು. ಅಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟಿದ್ದರಲ್ಲ, ಅಪ್ಪ ಅದನ್ನೇ ಮಾಡಿದ. ಕತ್ತಲೆಯ ಉಗ್ರಾಣದಲ್ಲಿ ಎರಡು ಚೊಂಬು ಇಟ್ಟ. ಬಾಗಿಲ ಬಳಿಯದು ತಾಮ್ರದ ಚೊಂಬು, ಅದು ‘ಬೇಕು’. ಗೋಡೆಯ ಬಳಿಯದು ಹಿತ್ತಾಳೆ ಚೊಂಬು, ಅದು ‘ಬೇಡ’. ಒಬ್ಬೊಬ್ಬರೇ ಒಳಗೆ ಹೋಗಿ ಹುಣಸೆ ಬೀಜ ಹಾಕಿ ಬರಬೇಕು. ಸಮಸಮ ಬಂದರೆ ಇದ್ದದ್ದು ಇದ್ದ ಹಾಗೇ. ಹೆಂಗಸರಿಗೂ ಬೀಜ ಉಂಟೇ ಎಂದು ದೊಡ್ಡಪ್ಪ ಕೇಳಿದ್ದಕ್ಕೆ, ದೇಶದಲ್ಲೇ ಕೊಟ್ಟವ್ರೆ ಎಂದ. ಮಕ್ಕಳಿಗೆ ಎಂದಾಗ, ನೀರು ಸೇದೋರಿಗೆಲ್ಲ ಉಂಟು ಎಂದ. ನಾನು ಚಿಕ್ಕ ಬಿಂದಿಗೆಯಲ್ಲಿ ಸೇದುತ್ತಿದ್ದೆನಾದ್ದರಿಂದ ನನಗೂ ಬಂತು. ಅವತ್ತಿನಿಂದ ನಾನು ದಿನಕ್ಕೆ ಎರಡು ಬಿಂದಿಗೆ ಹೆಚ್ಚಿಗೆ ಸೇದಿದೆ.

ಮೊದಲ ಭಾನುವಾರವೇ ತಕರಾರು. ದೊಡ್ಡಪ್ಪ ಹೇಳಿದ:

“ನಾನು ಮನೆಗೆ ಹಿರಿಯ. ನಾನು ಬೇಡ ಅಂದ್ಮೇಲೆ ಬೇಡ. ಆ ವಿಶ್ವಸಂಸ್ಥೇಲೂ ಐದು ದೇಶಕ್ಕೆ ಅಂಗೇ ಕೊಟ್ಟವ್ರಂತಲ್ಲ.”

“ಅಂಗಾದ್ರೆ ನಂಗೂ ಇರ್ಲಿ,” ಎಂದಳು ಅಜ್ಜಿ. “ಆ ಹಿರಿಯನ್ನ ಹೆತ್ತೋಳು ನಾನು.”

“ಉಗ್ರಾಣದ ವಿಚಾರ ಬಂದ್ರೆ ನಂಗೂ,” ಎಂದಳು ದೊಡ್ಡವ್ವ, ಬೀಗದ ಕೈ ಮುಟ್ಟಿ ನೋಡಿಕೊಳ್ಳುತ್ತಾ.

ಒಂದು ಗಳಿಗೆಯಲ್ಲಿ ಮನೆಯಲ್ಲಿ ಎಲ್ಲರಿಗೂ ಆ ಹಕ್ಕು ಬಂದುಬಿಟ್ಟಿತು, ಅವ್ವನೊಬ್ಬಳನ್ನು ಬಿಟ್ಟು. ಅವಳು ದೊಡ್ಡಪ್ಪನ ಎದುರು ಬಾಯಿ ತೆರೆಯುವಂತಿರಲಿಲ್ಲ, ಕಂಬದ ಆ ಕಡೆ ಸೆರಗು ಹೊದ್ದು ಕೂತಿದ್ದಳು. ಎಲ್ಲರಿಗೂ ಇದ್ದರೆ ಸೌದೆ ತರುವ ವಿಷಯವೂ ತೀರ್ಮಾನವಾಗುವುದಿಲ್ಲ ಎಂದು ಅಪ್ಪ ತಿಳಿಸಿ ಹೇಳಿದ ಮೇಲೆ ದೊಡ್ಡಪ್ಪ ಗೊಣಗುತ್ತಾ ಅದನ್ನು ಬಿಟ್ಟುಕೊಟ್ಟ. ಆಟವಲ್ಲವೇ, ಏನು ಮಹಾ ಎಂದುಕೊಂಡಿರಬೇಕು. ಸ್ನಾನದ ಬಿಸಿನೀರಿನ ಸರದಿ, ಬೆಕ್ಕನ್ನು ಒಳಗೆ ಬಿಡಬೇಕೇ, ದೊಡ್ಡಪ್ಪ ನಶ್ಯದ ಡಬ್ಬಿಯನ್ನು ದೇವರ ಗೂಡಿನಲ್ಲಿ ಇಡಬಹುದೇ, ಇಂಥವೆಲ್ಲ ಬೀಜ ಹಾಕಿ ತೀರ್ಮಾನವಾದವು. ನಶ್ಯದ ವಿಷಯದಲ್ಲಿ ದೊಡ್ಡಪ್ಪ ಒಬ್ಬನೇ ಒಂದು ಕಡೆಯಾಗಿ ಸೋತ. ಬೆಕ್ಕಿನ ವಿಷಯದಲ್ಲಿ ಏಳು ಜನ ಹೋಗಿ ಎಂಟು ಬೀಜ ಬಂತು. ಬೆಕ್ಕು ಸಾಕಿದ್ದ ಜಯಕ್ಕ ಅತ್ತೇಬಿಟ್ಟಳು. ಅವತ್ತು ಅಪ್ಪ ಹೊಸ ನಿಯಮ ಬರೆದ: ಅಜ್ಜಿ ತನ್ನ ಕೈಯಾರೆ ಕೊಟ್ಟ ಹಸಿ ಬೀಜಕ್ಕೆ ಮಾತ್ರ ಲೆಕ್ಕ, ಬೇರೆ ಯಾವುದು ಬಿದ್ದರೂ ರದ್ದು. ಆ ಹಾಳೆಯನ್ನು ಉಗ್ರಾಣದ ಬಾಗಿಲಿಗೆ ಅಂಟಿಸಿದ.

ಆಮೇಲೆ ಅಂಟಿನ ಪಾತ್ರೆಯ ಜಗಳ ಬಂತು. ಅವ್ವ ಒಂದು ದಿನ ಅಪ್ಪನ ಅಂಟು ಕಾಯಿಸುವ ಪಾತ್ರೆಯನ್ನು ತೊಳೆದು, ಕೈ ಮರೆತು, ಅಡುಗೆ ಪಾತ್ರೆಗಳ ಸಾಲಿನಲ್ಲೇ ಬೋರಲು ಹಾಕಿದ್ದಳು. ದೊಡ್ಡವ್ವ ಅದರಲ್ಲಿ ಹಾಲು ಹೊಯ್ಯಲು ಹೋಗಿ, ಅಂಚಿನಲ್ಲಿ ಮೈಲುತುತ್ತದ ನೀಲಿ ಕಲೆ ಕಂಡು ಪಾತ್ರೆಯನ್ನು ಹಿತ್ತಲಿಗೆ ಎಸೆದಳು. ಆ ಸದ್ದಿಗೆ ಬೀದಿಯವರು ಇಣುಕಿದರು.

“ನನ್ ಮಗೂಗೆ ವಿಷ ಇಕ್ಕೋಕ್ ನಿಂತವ್ಳೆ. ನಾನೊಬ್ಳು ನೋಡ್ದೆ, ಇಲ್ದಿದ್ರೆ ಇವತ್ತು ಮನೆ ತುಂಬ ಹೆಣ.”

ಅವ್ವ ಹಿತ್ತಲಿಗೆ ಹೋಗಿ ಪಾತ್ರೆಯನ್ನು ಎತ್ತಿಕೊಂಡು ಬಂದಳು. ತಪ್ಪು ಅವಳದೇ, ಅದು ಅವಳಿಗೂ ಗೊತ್ತಿತ್ತು. ಆದರೆ ಆವತ್ತಿನಿಂದ ದೊಡ್ಡವ್ವನಿಗೂ ಅವ್ವನಿಗೂ ಮಾತು ನಿಂತಿತು. ಉಪ್ಪು ಬೇಕಾದರೆ ಅವ್ವ ನನ್ನ ಕೈಲಿ ಕೇಳಿಸುವುದು, ಇಲ್ಲ ಎನ್ನಲು ದೊಡ್ಡವ್ವ ಜಯಕ್ಕನ ಕೈಲಿ ಹೇಳಿಸುವುದು. ಅವ್ವನ ಊಟ ಒಗೆಯುವ ಕಲ್ಲಿಗೇ ಖಾಯಂ ಆಯಿತು. ಎರಡು ವಾರ ಕಳೆದು, ಒಂದು ಭಾನುವಾರ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಹೇಳಿದ:

“ಇವತ್ತು ನಂದೊಂದು ವಿಚಾರ ಅದೆ. ನಡುಮನೆಗೆ ಗೋಡೆ ಎಳೆದುಬುಡಾಣ. ನಿಮ್ಮೊಲೆ ನಿಮ್ಗೆ, ನಮ್ಮೊಲೆ ನಮ್ಗೆ. ಜಗಳ ಆಡಿ ಬೇರೆ ಆಗೋದ್ಕಿಂತ ಹಿಂಗೇ ಆಗೋದು ವಾಸಿ.”

ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಅವನು ಅವತ್ತು ಮಾತಾಡಿದ ಹಾಗೆ ಆಮೇಲೆ ಎಂದೂ ಮಾತಾಡಲಿಲ್ಲ. ಒಂದು ಪಾತ್ರೆಗೆ ಒಂದು ಗೋಡೆಯೇ ಎಂದ. ಗೋಡೆ ಎದ್ದ ಮೇಲೆ ಆ ಕಡೆಯವರು ಏನು ಮಾಡುತ್ತಿದ್ದಾರೋ ಎಂಬ ಗುಮಾನಿ ಹುಟ್ಟುತ್ತದೆ, ಗುಮಾನಿಗೆ ಗೋಡೆಯಷ್ಟು ಒಳ್ಳೆಯ ಗೊಬ್ಬರ ಇಲ್ಲ ಎಂದ. ನಮ್ಮವ್ವ ಹಗ್ಗ ಹೊಸೆದು ನಮ್ಮಿಬ್ಬರನ್ನು ಒಂದೇ ಮನೆಯಲ್ಲಿ ಇಟ್ಟಿದ್ದು ಇದಕ್ಕಾ ಅಣ್ಣ ಎಂದು ಕೇಳುವಾಗ ಅವನ ಧ್ವನಿ ಒಡೆಯಿತು. ಅಜ್ಜಿ ಕಣ್ಣೊರೆಸಿಕೊಂಡಳು. ದೊಡ್ಡಪ್ಪ ನೆಲ ನೋಡುತ್ತಾ, “ಬೀಜ ಕೊಡವ್ವ” ಎಂದ.

ನನ್ನ ಸರದಿ ಕೊನೆಯದು. ಅಜ್ಜಿ ಕೊಟ್ಟ ಬೀಜವನ್ನು ಲಂಗದ ಜೇಬಿಗೆ ಹಾಕಿಕೊಂಡು ಉಗ್ರಾಣಕ್ಕೆ ಹೋದೆ. ಅಪ್ಪ ಹೇಳಿದ ಒಂದೊಂದು ಮಾತೂ ನನಗೆ ನಿಜವೆನಿಸಿತ್ತು. ಜಯಕ್ಕನ ಪಕ್ಕ ಮಲಗದೆ ನನಗೆ ನಿದ್ದೆ ಬರುತ್ತಿರಲಿಲ್ಲ, ಗೋಡೆ ಬಂದರೆ ಅವಳು ಆ ಕಡೆ. ಹಿತ್ತಾಳೆ ಚೊಂಬಿನ ತನಕ ಹೋದೆ. ಅಲ್ಲಿ ನಿಂತಾಗ ಒಗೆಯುವ ಕಲ್ಲಿನ ಮೇಲೆ ಮಜ್ಜಿಗೆಯಲ್ಲಿ ನೆನೆಯುತ್ತಿದ್ದ ಆ ಮುದ್ದೆ ಕಣ್ಣಿಗೆ ಬಂತು. ಅವ್ವನಿಗೆ ಅವಳದೇ ಒಂದು ಒಲೆ ಇದ್ದರೆ, ಎಂದುಕೊಂಡೆ. ಅಷ್ಟೇ. ಅದಕ್ಕಿಂತ ದೊಡ್ಡದೇನನ್ನೂ ಯೋಚಿಸಲಿಲ್ಲ. ವಾಪಸು ಬಂದು ಜೇಬಿನಿಂದ ಬೀಜ ತೆಗೆದು ತಾಮ್ರದ ಚೊಂಬಿಗೆ ಹಾಕಿದೆ. ಹೊರಗೆ ಬಂದು ಕಂಬದ ಹಿಂದೆ ಕೂತಾಗ ಕೈ ತಾನಾಗಿ ಜೇಬಿಗೆ ಹೋಯಿತು. ಅಜ್ಜಿ ಕೊಟ್ಟ ಹಸಿ ಬೀಜ, ನುಣ್ಣಗೆ, ಅಲ್ಲೇ ಇತ್ತು. ನಾನು ಕತ್ತಲೆಯಲ್ಲಿ ಹಾಕಿ ಬಂದದ್ದು ತಿನ್ನಲು ಇಟ್ಟುಕೊಂಡಿದ್ದ ಹುರಿದ ಬೀಜ.

ಅಪ್ಪ ಎರಡು ಚೊಂಬನ್ನೂ ತಂದ. ಎಣಿಕೆಗೆ ಸಾಕ್ಷಿಯಾಗಿ ದೊಡ್ಡಪ್ಪ ಅವನ ಪಕ್ಕ ಕೂತ. ಹಿತ್ತಾಳೆಯದನ್ನು ಮೊರಕ್ಕೆ ಸುರಿದಾಗ ಮೂರು ಬೀಜ. ತಾಮ್ರದ್ದನ್ನು ಸುರಿದು ಅಪ್ಪ ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟ. ಒಂದು, ಎರಡು, ಮೂರು. ಆಮೇಲೆ ನಿಂತ. ಕೊನೆಯದನ್ನು ಬೆರಳ ನಡುವೆ ಹಿಡಿದುಕೊಂಡೇ ಇದ್ದ. ಈಗ ರದ್ದು ಎನ್ನುತ್ತಾನೆ, ಮೂರು ಮೂರು ಸಮ, ಗೋಡೆ ಇಲ್ಲ, ಹುರಿದ ಬೀಜ ಯಾರದೆಂದು ಈ ಮನೆಯಲ್ಲಿ ಯಾರೂ ಕೇಳಬೇಕಾಗಿಲ್ಲ ಎಂದುಕೊಂಡು ಕಣ್ಣು ಮುಚ್ಚಿದೆ.

“ನಾಲ್ಕು,” ಎಂದ ಅಪ್ಪ.

ಕಣ್ಣು ಬಿಟ್ಟು ನೋಡಿದೆ. ಅವನ ಕನ್ನಡಕ ಬೈಂಡಿಂಗ್ ಕೋಣೆಯಲ್ಲೇ ಉಳಿದಿತ್ತು. ಕಾಣಿಸಲಿಲ್ಲ, ಪಾಪ, ಎಂದುಕೊಂಡೆ. ಅಪ್ಪ ಬೀಜಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಎದ್ದು ನಿಂತ.

“ಗೋಡೆ ಬೇಕು ಅಂತ ತೀರ್ಮಾನ ಆಯ್ತು. ನಾಳೆ ಗಾರೆಯವರಿಗೆ ಹೇಳ್ತೀನಿ.”

ಅಜ್ಜಿ ಅವನನ್ನು ಬಹಳ ಹೊತ್ತು ನೋಡಿದಳು. ಸೋತೋನು ಕೇಳ್ದೆ ಹೋದ್ರೆ ಎಂಬ ಹಳೆಯ ಪ್ರಶ್ನೆ ಅವಳ ಬಾಯಿಗೆ ಬಂದಿರಬೇಕು, ಕೇಳಲಿಲ್ಲ. ಅಪ್ಪನೇ ತನ್ನ ಉದ್ದದ ಅಳತೆಪಟ್ಟಿ ತಂದು, ದೊಡ್ಡಪ್ಪನ ಅಂಗಡಿಯ ಸಣ್ಣ ಹುರಿಗೆ ಸುಣ್ಣ ಹಚ್ಚಿ, ನಡುಮನೆಯ ನೆಲದ ಮೇಲೆ ಗೆರೆ ಎಳೆದ. ಕೂದಲೆಳೆಯಷ್ಟೂ ಆಚೀಚೆ ಆಗದ ಗೆರೆ. ಗೋಡೆ ಹಿತ್ತಲಿಗೆ ಹೋದಾಗ ಬಾವಿ ಯಾರಿಗೆ ಎಂಬ ಪ್ರಶ್ನೆ ಬಂತು. ಹಳೇ ಮೈಸೂರಿನ ಪಾಲಾದ ಮನೆಗಳಲ್ಲಿ ಮಾಡುವ ಹಾಗೆ, ಬಾವಿಯ ಮೇಲೆ ಕಲ್ಲುಚಪ್ಪಡಿ ಹಾಸಿ, ಅದರ ಮೇಲೆ ಗೋಡೆ ಎಬ್ಬಿಸಿದರು. ಎರಡು ಕಡೆ ಎರಡು ರಾಟೆ, ಕೆಳಗೆ ಒಂದೇ ನೀರು. ಗೋಡೆ ನನ್ನ ಮೊಣಕಾಲಿನಷ್ಟು ಎತ್ತರವಿದ್ದಾಗ ಅಪ್ಪನ ಹತ್ತಿರ ಹೋಗಿ ಎಲ್ಲ ಹೇಳಿಬಿಡೋಣ ಎಂದು ನಿಂತೆ. ಅವನು ಇಟ್ಟಿಗೆ ಎತ್ತಿಕೊಡುತ್ತಿದ್ದ. ಕೈಯೆಲ್ಲ ಕೆಂಪು. ಬಾಯಿ ಬರಲಿಲ್ಲ. ಜೇಬಿನಲ್ಲಿದ್ದ ಹಸಿ ಬೀಜವನ್ನು ಬಾವಿಗೆ ಹಾಕಿ ಬಂದೆ. ಗೋಡೆ ಎದ್ದದ್ದೇ ಒಂದು ಸುಳ್ಳು ಬೀಜದ ಮೇಲೆ ಎಂಬುದು ನನಗೊಬ್ಬಳಿಗೇ ಗೊತ್ತು ಎಂಬ ಭಾರವನ್ನು ಹೊತ್ತುಕೊಂಡೇ ನಾನು ದೊಡ್ಡವಳಾದೆ.

ಪಾರ್ಲಿಮೆಂಟು ಮುಗಿಯಿತು ಎಂದುಕೊಂಡಿದ್ದೆವು. ಗೋಡೆಗೆ ಸುಣ್ಣ ಬಳಿದ ಮರುಭಾನುವಾರ ದೊಡ್ಡಪ್ಪ ಎಲೆ ಅಡಿಕೆ ಜಗಿಯುತ್ತಾ ಜಗಲಿಗೆ ಬಂದು ಕೂತ. ಜಗಲಿಯನ್ನು ಯಾರೂ ಪಾಲು ಮಾಡಿರಲಿಲ್ಲ. ಬಾವಿಯ ಹೂಳು ತೆಗೆಸಬೇಕಲ್ಲ, ಅದಕ್ಕೆ ಬೀಜ ಹಾಕುವುದಿಲ್ಲವೇ ಎಂದು ಕೇಳಿದ. ಹೀಗೆ ಅದು ಜಗಲಿಯ ಮೇಲೆ ಮುಂದುವರಿಯಿತು. ಬಾವಿ, ಸೂರಿನ ಹೆಂಚು, ಅಜ್ಜಿ ಯಾವ ವಾರ ಎಲ್ಲಿ ಉಣ್ಣಬೇಕು, ಎಲ್ಲವೂ ಅಲ್ಲೇ. ಅಜ್ಜಿ ಮಾತ್ರ ತೀರ್ಮಾನವನ್ನು ಲೆಕ್ಕಿಸದೆ ಎರಡು ಕಡೆಯೂ ಉಣ್ಣುತ್ತಿದ್ದಳು. ಒಂದು ದಿನ ನೀರು ಸೇದಲು ಹೋದಾಗ ಅವ್ವ ಬಾವಿಯೊಳಕ್ಕೆ ಬಗ್ಗಿ ಮಾತಾಡುತ್ತಿದ್ದಳು. ಚಪ್ಪಡಿಯ ಕೆಳಗಿನಿಂದ ದೊಡ್ಡವ್ವನ ಧ್ವನಿ ಬರುತ್ತಿತ್ತು. ಹುಳಿಗೆ ಯಾವ ಕಾಳು ಹಾಕಿದೆ ಎಂದು ಕೇಳುತ್ತಿದ್ದಳು. ಮುಖ ಕಾಣದಿದ್ದರೆ ಕೆಲವು ಮಾತು ಸಲೀಸು ಎಂದು ಕಾಣುತ್ತದೆ.

ಹತ್ತು ವರ್ಷ ಕಳೆದವು. ಅಜ್ಜಿ ತೀರಿಹೋಗಿದ್ದಳು, ಜಯಕ್ಕ ಮದುವೆಯಾಗಿ ಮಂಡ್ಯಕ್ಕೆ ಹೋಗಿದ್ದಳು, ನಾನು ಕಾಲೇಜು ಮುಗಿಸಿ ಬಂದು ಅಪ್ಪನ ಜೊತೆ ಪುಸ್ತಕ ಹೊಲಿಯುತ್ತಿದ್ದೆ. ಆಗ ಚೀನಾದ ಜೊತೆ ಯುದ್ಧ ಬಂತು. ಬೀದಿಯಲ್ಲಿ ಹುಡುಗರು ಮೆರವಣಿಗೆ ಹೋದರು. ಹೆಂಗಸರು ಬಳೆ ಬಿಚ್ಚಿ ಕೊಟ್ಟರು, ಅವ್ವ ತನ್ನ ಓಲೆ ಕೊಟ್ಟಳು. ಅಪ್ಪ ಕೊಡಬೇಡ ಎನ್ನಲಿಲ್ಲ. ಆದರೆ ಪೇಪರ್ ಓದಿ ಮಡಚುವಾಗ ಅವನ ಕೈ ನಿಧಾನವಾಗಿತ್ತು. ಆ ದಿನಗಳಲ್ಲೇ ನಿವೃತ್ತ ಹೆಡ್‌ಮಾಸ್ಟರೊಬ್ಬರು ಕಟ್ಟಲು ಕೊಟ್ಟಿದ್ದ ಪುಸ್ತಕ ಕೇಳಿಕೊಂಡು ಜಗಲಿಗೆ ಬಂದರು. ನಾನು ಒಳಗೆ ಸೂಜಿಗೆ ದಾರ ಪೋಣಿಸುತ್ತಿದ್ದೆ.

“ಏನು ಪುಟ್ಟಸ್ವಾಮಿ, ನಿಮ್ಮ ಜಗತ್ತಿನ ಪಾರ್ಲಿಮೆಂಟು ಎಲ್ಲಿಗೆ ಬಂತು? ಹಿಮದಲ್ಲಿ ನಮ್ಮ ಹುಡುಗರು ಸಾಯ್ತಿದ್ದಾರೆ.”

“ಅದು ಇಲ್ದೇ ಇರೋದಕ್ಕೇ ಸಾಯ್ತಾವ್ರೆ ಸ್ವಾಮಿ.”

“ಇದ್ದಿದ್ರೂ ಅಷ್ಟೇ ಕಣ್ರೀ. ಗೆದ್ದೋನು ಕುಣೀತಾನೆ, ಸೋತೋನು ಎದ್ದು ಹೋಗ್ತಾನೆ. ಸೋತು ಸುಮ್ಮನಿರೋನು ಎಲ್ಲಿದ್ದಾನೆ ತೋರ್ಸಿ ನೋಡೋಣ.”

ಅಪ್ಪ ಪುಸ್ತಕ ತರಲು ನಡುಮನೆಗೆ ಹೋದ. ಹೆಡ್‌ಮಾಸ್ಟರು ಕೇಳಿದ್ದು ಅಜ್ಜಿಯ ಪ್ರಶ್ನೆಯನ್ನೇ. ಆಗ ಹಗ್ಗದ ಅಂಗಡಿಯಿಂದ ದೊಡ್ಡಪ್ಪನ ಧ್ವನಿ ಬಂತು. ಅಪ್ಪನನ್ನು ಗೇಲಿ ಮಾಡುವುದರಲ್ಲಿ ಊರಿಗೆಲ್ಲ ಮುಂದಿದ್ದವನು ಅವನು. ಈಗಲೂ ಅದನ್ನೇ ಮಾಡುತ್ತಾನೆ ಎಂದುಕೊಂಡೆ.

“ಒಬ್ಬ ಅವ್ನೆ ಸ್ವಾಮಿ. ಈಗ ಒಳಕ್ಕೆ ಹೋದ್ನಲ್ಲ, ಅವ್ನೇ.”

ಹೆಡ್‌ಮಾಸ್ಟರು ನಕ್ಕರು. ದೊಡ್ಡಪ್ಪ ನಗಲಿಲ್ಲ.

“ಈ ಗೋಡೆ ನೋಡಿ. ಇದು ಬರ್ಬಾರ್ದು ಅಂತ ನನ್ ತಮ್ಮ ಅತ್ತುಬುಟ್ಟಿದ್ದ. ಬೀಜ ಎಣಿಸೋವಾಗ ಒಂದು ಹುರಿದ ಬೀಜ ಬಂತು. ಅದು ರದ್ದು ಅಂತ ರೂಲ್ಸು ಬರ್ದೋನು ಅವ್ನೇ. ಎತ್ತಿ ಬಿಸಾಕಿದ್ರೆ ಅವ್ನು ಗೆದ್ದಿರೋನು, ನಾನು ಪಕ್ಕದಲ್ಲೇ ಕೂತಿದ್ದೆ, ಬಾಯ್ ಬಿಡಂಗಿರ್ಲಿಲ್ಲ. ಬೀಜ ನೋಡ್ದ, ನನ್ ಮುಖ ನೋಡ್ದ, ನಾಲ್ಕು ಅಂದ. ಅವತ್ತು ಅವ್ನು ಅದನ್ನ ಬಿಸಾಕಿದ್ದಿದ್ರೆ ನಾನು ಇನ್ನೊಂದ್ಸಲ ಆ ಸಭೆಗೆ ಬರ್ತಿರ್ಲಿಲ್ಲ. ಕೋರ್ಟಿಗೆ ಹೋಗ್ತಿದ್ದೆ. ಹೋಗ್ಲೇಬೇಕು ಅಂತ ಮನಸ್ಸಲ್ಲಿ ಇಟ್ಕಂಡೇ ಕೂತಿದ್ದೆ.”

ಸೂಜಿ ಬೆರಳಿಗೆ ಚುಚ್ಚಿದ್ದು ಆಮೇಲೆ ಗೊತ್ತಾಯಿತು. ಹೆಡ್‌ಮಾಸ್ಟರು ಪುಸ್ತಕ ತೆಗೆದುಕೊಂಡು ಹೋದ ಮೇಲೆ ಅಪ್ಪ ಬಂದು ನನ್ನ ಎದುರು ಕೂತು ರಟ್ಟಿಗೆ ಅಂಟು ಹಚ್ಚತೊಡಗಿದ. ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

“ಅಪ್ಪ, ಅದು ಹುರಿದ ಬೀಜ ಅಂತ ನಿಂಗೆ ಗೊತ್ತಿತ್ತಾ?”

“ಬೆರಳಿಗೆ ಗೊತ್ತಾಗಲ್ವಾ ಮಗ.”

“ಯಾರ್ದು ಅಂತಾನೂ?”

“ಈ ಮನೇಲಿ ಹುರಿದ ಬೀಜ ಇನ್ಯಾರ ಜೇಬಲ್ಲಿರ್ತದೆ?”

“ಮತ್ತೆ ಆ ರೂಲ್ಸು?”

ಅಪ್ಪ ಕುಂಚವನ್ನು ಪಾತ್ರೆಯ ಅಂಚಿಗೆ ಒರೆಸಿದ.

“ಏಳು ಜನ ಒಳಕ್ಕೆ ಹೋದ್ವಿ, ಏಳು ಬೀಜ ಬಂತು. ಆ ರೂಲ್ಸು ಮಾಡಿದ್ದು ಎಂಟನೇ ಬೀಜಕ್ಕೆ. ಏಳನೇದಕ್ಕಲ್ಲ.”

“ನನ್ ಮೇಲೆ ಕೋಪ ಬರ್ಲಿಲ್ವಾ?”

“ಬಂತು. ಗೋಡೆ ಎದ್ದು ಸುಣ್ಣ ಒಣಗೋವರ್ಗೂ ಇತ್ತು.” ರಟ್ಟನ್ನು ತಿರುಗಿಸಿಟ್ಟ. “ಆಮೇಲೊಂದಿನ ಊಟಕ್ಕೆ ಕೂತೆ. ನಿಮ್ಮವ್ವನೂ ಎದುರಿಗೆ ತಟ್ಟೆ ಇಟ್ಕಂಡು ಕೂತ್ಲು. ಅವಳ ಮುದ್ದೇಲಿ ಹಬೆ ಆಡ್ತಿತ್ತು. ಅದನ್ನ ನಾನು ಅದ್ಕೆ ಮುಂಚೆ ನೋಡೇ ಇರ್ಲಿಲ್ಲ. ನೋಡಿಲ್ಲ ಅಂತಾನೂ ಗೊತ್ತಿರ್ಲಿಲ್ಲ. ಜಗತ್ತಿಗೆಲ್ಲ ನ್ಯಾಯ ಹೇಳ್ಕೊಂಡು ಜಗಲೀಲಿ ಕೂತಿದ್ದೆ. ನಿನ್ನ ಬೀಜ ಬರ್ದೆ ಹೋಗಿದ್ರೆ ನಂಗೆ ಯಾರು ಹೇಳೋರು?”

ಒಳಗಿನಿಂದ ಅವ್ವ ಕೂಗಿದಳು, ಮೂರು ತಟ್ಟೆ ಹಾಕಿದ್ದೇನೆ, ಬೇಗ ಬನ್ನಿ, ಮುದ್ದೆ ಆರಿಹೋಗುತ್ತದೆ ಎಂದು. ಅಪ್ಪ ಅಂಟಿನ ಪಾತ್ರೆಗೆ ಮುಚ್ಚಳ ಹಾಕಿ, ಕೈ ತೊಳೆಯಲು ಬಾವಿಯ ಕಡೆ ಹೊರಟ.